ಫಾರ್ಮ್ಯಾಟ್ ಮಾಡುವ ಮುನ್ನ

2024ರ ಜುಲೈ 19ರಂದು ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಪೆನ್ನು ಹಿಡಿದು ಬರೆದುಕೊಟ್ಟರು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ಕಳಿಸಿದ ಅಪ್‌ಡೇಟ್ ಒಂದರಲ್ಲಿ ದೋಷವಿತ್ತು. 20 ಮಾಹಿತಿಗಳಷ್ಟೇ ಇದ್ದ ಕಡೆ ತಂತ್ರಾಂಶ 21ನೆಯದನ್ನೂ ಓದಲು ಹೋಯಿತು, ವಿಂಡೋಸ್ ಕುಸಿದುಬಿತ್ತು. ನೀಲಿ ಪರದೆ, ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಹೀಗೆ ಕೈಕೊಟ್ಟ ಯಂತ್ರಗಳು 85 ಲಕ್ಷ.

ಪರಿಹಾರ ಮಾತ್ರ ಬಲು ಸಣ್ಣದು. ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ತೆರೆದು ಆ ಅಪ್‌ಡೇಟಿನ ಒಂದು ಫೈಲ್ ಅಳಿಸಿದರೆ ಸಾಕಿತ್ತು. ಒಳಗಿದ್ದ ಕಡತಗಳೆಲ್ಲ ಇದ್ದಲ್ಲೇ ಇದ್ದವು.

ನಮ್ಮ ಊರುಗಳಲ್ಲಿ ಮರೆತುಹೋಗುವುದು ಇದೇ ಸಂಗತಿ. ಕಂಪ್ಯೂಟರ್ ಆನ್ ಆಗಲಿಲ್ಲವೆಂದು ಅಂಗಡಿಗೆ ಒಯ್ದರೆ ಎಷ್ಟೋ ಸಲ ಮೊದಲು ಬರುವ ಮಾತೇ ‘ಫಾರ್ಮ್ಯಾಟ್ ಹೊಡೆದುಬಿಡೋಣ’. ಸಂಜೆಯೊಳಗೆ ಯಂತ್ರ ಸರಿಹೋಗುತ್ತದೆ ನಿಜ. ಆದರೆ ವರ್ಷಗಳ ಟ್ಯಾಲಿ ಲೆಕ್ಕ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪುಸ್ತಕದ ಕರಡು, ಮಕ್ಕಳ ಫೋಟೋಗಳು ಅಳಿಸಿಹೋಗಿರುತ್ತವೆ. ಕಾರಣ ಹುಡುಕದೆ ಫಾರ್ಮ್ಯಾಟ್ ಮಾಡುವುದು ರಿಪೇರಿಯಲ್ಲ, ಗ್ರಾಹಕರಿಗೆ ಮಾಡುವ ಅನ್ಯಾಯ.

ಕಾರಣ ಹುಡುಕಲು ಹೆಚ್ಚು ಹೊತ್ತೂ ಬೇಕಿಲ್ಲ. ಫ್ಯಾನ್ ತಿರುಗುತ್ತಿದೆಯೇ? ಇಲ್ಲವಾದರೆ ಮೊದಲು ನೋಡಬೇಕಾದದ್ದು ಪ್ಲಗ್, ಯುಪಿಎಸ್, ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್. ಹಾರ್ಡ್ ಡಿಸ್ಕ್ ಅಲ್ಲ. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದು ಬೀಪ್ ಸದ್ದು ಬರುತ್ತಿದ್ದರೆ ಅನುಮಾನ ರ್‍ಯಾಮ್ ಮೇಲೆ. ಅನುಭವಿ ಮೆಕ್ಯಾನಿಕ್‌ಗಳು ಕರೆಂಟ್ ತೆಗೆದು ರ್‍ಯಾಮ್ ಪಟ್ಟಿಯನ್ನು ಹೊರಗೆಳೆಯುತ್ತಾರೆ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಪುಡಿ ಊದಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸುತ್ತಾರೆ. ಧೂಳಿನ ಊರುಗಳಲ್ಲಿ ಎಷ್ಟೋ ಕಂಪ್ಯೂಟರ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ವಿಂಡೋಸ್ ಲೋಗೋ ಬಂದು ನಿಂತುಹೋದರೆ ದೋಷ ಹೆಚ್ಚಾಗಿ ತಂತ್ರಾಂಶದ್ದು. ಎರಡು ಮೂರು ಸಲ ಆರಂಭ ವಿಫಲವಾದರೆ ವಿಂಡೋಸ್ ತಾನೇ ದುರಸ್ತಿ ಪರದೆ ತೋರಿಸುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗಬಹುದು, ಕೊನೆಯ ಅಪ್‌ಡೇಟನ್ನು ತೆಗೆಯಬಹುದು. ಅದೂ ಆಗದಿದ್ದರೆ ಪೆನ್ ಡ್ರೈವ್‌ನಿಂದ ಲಿನಕ್ಸ್ ಚಾಲೂ ಮಾಡಿ ಕಡತಗಳನ್ನು ನಕಲು ಮಾಡಿಕೊಳ್ಳಲು ಬರುತ್ತದೆ.

ಹಾರ್ಡ್ ಡಿಸ್ಕ್ ‘ಟಿಕ್ ಟಿಕ್’ ಎನ್ನುತ್ತಿದ್ದರೆ ಮಾತ್ರ ಏನನ್ನೂ ಪ್ರಯತ್ನಿಸದೆ ತಕ್ಷಣ ಆಫ್ ಮಾಡಬೇಕು.

ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳ ಪೈಕಿ ಬಹುಪಾಲಿನಲ್ಲಿ ಡಿಸ್ಕ್‌ಗೆ ತಾನಾಗಿಯೇ ಗೂಢಲಿಪಿಯ ಬೀಗ ಬೀಳುತ್ತದೆ. ಕಳ್ಳತನವಾದರೆ ಇದು ರಕ್ಷಣೆ. ಆದರೆ ಯಂತ್ರ ಕೆಟ್ಟಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಒಂದು ಫೋಟೋ ಕೂಡ ತೆರೆಯದು. ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲೂ ಎಷ್ಟೋ ಕಚೇರಿಗಳ ಕೆಲಸ ತಡವಾದದ್ದು ಈ ಕೀ ಹುಡುಕಾಟದಲ್ಲೇ. ಸಾಮಾನ್ಯವಾಗಿ ಅದು ಲ್ಯಾಪ್‌ಟಾಪ್ ಸಿದ್ಧಪಡಿಸುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂಗಡಿಯವರು ತಮ್ಮದೇ ಇಮೇಲ್ ಹಾಕಿ ಸಿದ್ಧಪಡಿಸಿಕೊಟ್ಟಿದ್ದರೆ, ಕೀ ಕೂಡ ಅವರ ಖಾತೆಯಲ್ಲೇ ಉಳಿಯುತ್ತದೆ. ಖರೀದಿಸಿದ ದಿನವೇ ಸ್ವಂತ ಖಾತೆ ಹಾಕಿಸಿ, ಆ ಅಂಕಿಗಳನ್ನು ಬರೆದು ಬ್ಯಾಂಕ್ ಪಾಸ್‌ಬುಕ್ ಜೊತೆ ಇಡಬೇಕು.

ರಿಪೇರಿ ಅಂಗಡಿಗಳೂ ಒಂದು ಪದ್ಧತಿ ತರಬೇಕು. ಯಂತ್ರ ಪಡೆಯುವಾಗ ಕೊಡುವ ಚೀಟಿಯಲ್ಲಿ ‘ಡೇಟಾ ಬೇಕೇ?’ ಎಂಬ ಸಾಲಿರಲಿ, ಉತ್ತರದ ಕೆಳಗೆ ಗ್ರಾಹಕರ ಸಹಿ ಬೀಳಲಿ. ಡೇಟಾ ಉಳಿಸಲು ಹೆಚ್ಚು ಸಮಯ ಹಿಡಿಯುತ್ತದೆ. ಅದಕ್ಕೆ ಬೇರೆ ಮಜೂರಿ ಕೇಳುವುದು ನ್ಯಾಯವೇ, ಅದನ್ನು ಚೌಕಾಸಿಯಿಲ್ಲದೆ ಕೊಡಲು ಗ್ರಾಹಕರೂ ಸಿದ್ಧರಿರಬೇಕು.