ಹಿತ್ತಲಿನಲ್ಲಿ ಅಭಯದಾನವೆಲ್ಲಿ?

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ನೀರನ್ನು ಸೋಸಿಯೇ ಕುಡಿಯುವ, ಗಡ್ಡೆಗೆಣಸುಗಳನ್ನು ಅಡುಗೆಮನೆಗೆ ತಾರದ ಶ್ರಾವಕನ ಹಿತ್ತಲಿನಲ್ಲಿ ಕೀಟನಾಶಕದ ಸೀಸೆಯೊಂದು ಇರುವುದಾದರೆ, ಅದನ್ನು ಯಾವ ವ್ರತದ ಲೆಕ್ಕಕ್ಕೆ ಬರೆಯಬೇಕು? ಒಳಗೆ ಅಹಿಂಸೆ, ಹೊರಗೆ ವಿಷ ಎಂಬ ಈ ವೈಚಿತ್ರ್ಯವು ಇಂದು ಅನೇಕ ಮನೆಗಳಲ್ಲಿದೆ. ಬಸದಿಯ ಆವರಣಗಳೂ ಇದಕ್ಕೆ ಹೊರತಲ್ಲ.

ಇದನ್ನು ಸಮರ್ಥಿಸುವವರು ಶಾಸ್ತ್ರದ ಆಸರೆಯನ್ನೇ ಪಡೆಯುತ್ತಾರೆ. ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯ, ಗಿಡ ಬೆಳೆಸುವುದೂ ಅದರಲ್ಲಿ ಸೇರಿತು ಎನ್ನುತ್ತಾರೆ. ಈ ವಾದ ನಿಲ್ಲುವುದಿಲ್ಲ. ಮಣ್ಣು ಅಗೆಯುವಾಗ, ಅರಿಯದೆ, ಎಚ್ಚರವಿದ್ದೂ ಆಗುವ ಜೀವಘಾತ ಬೇರೆ. ಎಲೆಯ ಮೇಲೆ ಕಣ್ಣಿಗೆ ಕಾಣುವ ತ್ರಸಜೀವವನ್ನು ಕೊಲ್ಲಬೇಕೆಂದೇ ವಿಷ ಬೆರೆಸಿ ಸಿಂಪಡಿಸುವುದು ಬೇರೆ. ಎರಡನೆಯದು ಸಂಕಲ್ಪೀ ಹಿಂಸೆ, ಗೃಹಸ್ಥನೂ ತೊರೆಯಬೇಕಾದುದು. ಸಿಂಪಡಿಸಿದವನು ತೋಟದ ಆಳು, ಯಜಮಾನನಲ್ಲ ಎಂಬ ಸಮಾಧಾನವೂ ಸಲ್ಲದು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಅನರ್ಥದಂಡವನ್ನು ವಿವರಿಸುವಾಗ, ಇತರರ ಕೈಗೆ ಕೊಡಬಾರದ ಹಿಂಸೋಪಕರಣಗಳಲ್ಲಿ ವಿಷವನ್ನೂ ಸೇರಿಸಿದೆ.

ಅಷ್ಟಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧುಗಳೊಂದಿಗೆ ಪಂಚ ಉದುಂಬರ ಫಲಗಳ ತ್ಯಾಗವೂ ಹೇಳಲ್ಪಟ್ಟಿದೆ. ಅತ್ತಿ, ಆಲಗಳ ಹಣ್ಣಿನೊಳಗೆ ಸೂಕ್ಷ್ಮ ಕೀಟಗಳಿವೆ ಎಂಬುದೇ ಇದಕ್ಕೆ ಕಾರಣ. ಹಣ್ಣಿನೊಳಗೆ ಅಡಗಿದ ಕೀಟಕ್ಕಾಗಿ ನಾಲಗೆಯನ್ನು ನಿಗ್ರಹಿಸಿದ ಸಮಾಜವು, ಎಲೆಯ ಮೇಲೆ ತೆರೆದು ಕುಳಿತ ಹುಳುವನ್ನು ಕಂಡೊಡನೆ ಅಂಗಡಿಗೆ ಓಡುವುದು ಯಾವ ಧರ್ಮ?

ಆ ಹುಳುವಾದರೂ ಯಾವುದು? ಕರಿಬೇವು, ನಿಂಬೆ ಗಿಡಗಳಲ್ಲಿ ಮೊದಲು ಹಕ್ಕಿಯ ಹಿಕ್ಕೆಯಂತೆ, ಬಳಿಕ ಹಸಿರಾಗಿ ಕಾಣುವ ಹುಳು ನಿಂಬೆ ಚಿಟ್ಟೆಯ ಮರಿ. ಆ ಕುಲದ ಗಿಡಗಳ ಎಲೆಯಲ್ಲದೆ ಬೇರೆ ಆಹಾರ ಅದಕ್ಕೆ ಒಗ್ಗದು. ಕೆಲವು ದಿನ ತಿಂದು, ಕೋಶ ಕಟ್ಟಿ, ಹಾರಿಹೋಗುತ್ತದೆ. ಬೇರೂರಿದ ಗಿಡ ಮತ್ತೆ ಚಿಗುರುತ್ತದೆ. ನಷ್ಟ ಹಿಡಿಯಷ್ಟು ಎಲೆ. ಆದರೆ ವಿಷ ಹುಳುವಿನಲ್ಲೇ ನಿಲ್ಲುವುದಿಲ್ಲ. ತುಳಸಿಯ ಹೂವಿಗೆ ಬರುವ ಜೇನಿಗೂ, ಹುಳುವನ್ನು ಮರಿಗೆ ಒಯ್ಯುವ ಸಿಂಪಿಗ ಹಕ್ಕಿಗೂ, ಕೊನೆಗೆ ಒಗ್ಗರಣೆಗೂ ಅದು ತಲಪುತ್ತದೆ.

ಇನ್ನು ಕೆಲವರು ಬೆಳೆಯುವುದೇ ಬೇಡ, ಸಂತೆಯಲ್ಲಿ ಕೊಂಡರೆ ಪಾಪವಿಲ್ಲ ಎನ್ನುತ್ತಾರೆ. ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆದ ಮಾತ್ರಕ್ಕೆ ಅದು ಇಲ್ಲವಾಗದೆಂದು ವ್ಯಾಪಾರಿಗಳ ಸಮಾಜಕ್ಕೆ ಹೇಳಿಕೊಡಬೇಕಾಗಿಲ್ಲ. ಷಟ್ಕರ್ಮಗಳಲ್ಲಿ ಕೃಷಿಯನ್ನೂ ಬೋಧಿಸಿದವನು ಆದಿನಾಥನೇ. ದೂರದ ವಿಷ ದೂರವೇ ಉಳಿಯುವುದೂ ಇಲ್ಲ. ಧರ್ಮಸ್ಥಳವಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿಯೇ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿ ಇದ್ದುದು ಟೀ ಸೊಳ್ಳೆ ಎಂಬ ಕೀಟ; ನೊಂದವರು ಆ ಊರುಗಳ ಮಕ್ಕಳು. ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿದ್ದು 2011ರಲ್ಲಿ.

ಹಾಗಾದರೆ ಮಾಡಬೇಕಾದುದೇನು? ಬೇವಿನೆಣ್ಣೆ ನೈಸರ್ಗಿಕವಾದ್ದರಿಂದ ನಿರ್ದೋಷಿ ಎಂದು ಭಾವಿಸಬಾರದು. ಅದು ಹುಳು ಪೊರೆ ಕಳಚಿ ಬೆಳೆಯುವುದನ್ನೇ ತಡೆಯುತ್ತದೆ. ಒಂದು ಕರಿಬೇವಿನ ಬದಲು ಎರಡು ನೆಟ್ಟು, ಒಂದನ್ನು ಹುಳುಗಳಿಗೆ ಬಿಟ್ಟು, ಇನ್ನೊಂದರ ಮೇಲಿನವನ್ನು ಎಲೆಯ ಸಮೇತ ಅಲ್ಲಿಗೆ ಸಾಗಿಸಬಹುದು. ಬಸಳೆ, ಹರಿವೆಗಳ ಎಳೆಯ ಸಸಿಗೆ ತೆಳುಬಟ್ಟೆ ಹೊದಿಸಬಹುದು. ಒಂದೆಲಗ, ದೊಡ್ಡಪತ್ರೆ, ಆಡುಸೋಗೆ, ಅಮೃತಬಳ್ಳಿಗಳು ವಿಷ ಬೇಡದೆಯೇ ಬೆಳೆಯುತ್ತವೆ. ತರಗೆಲೆಗೆ ಬೆಂಕಿ ಇಡದೆ ಬುಡಕ್ಕೆ ಹರಡಿದರೆ ಅದರಡಿಯ ಜೀವಗಳು ಉಳಿದು ಮಣ್ಣೂ ಹಸನಾಗುತ್ತದೆ. ಹಕ್ಕಿಗಿಟ್ಟ ನೀರನ್ನು ದಿನವೂ ಬದಲಿಸಿದರೆ ಅದರಲ್ಲಿ ಸೊಳ್ಳೆ ಹುಟ್ಟದು. ಕೊಯ್ದ ಎಲೆಯನ್ನು ಒಂದೊಂದಾಗಿ ಶೋಧಿಸುವುದು ಶ್ರಾವಿಕೆಯರು ಬಲ್ಲ ವಿದ್ಯೆ. ಚಾತುರ್ಮಾಸದಲ್ಲಿ ಸೊಪ್ಪು ತ್ಯಜಿಸುವ ಮನೆಗಳಲ್ಲಿ ಆ ನಾಲ್ಕು ತಿಂಗಳ ಎಲೆ ಹುಳುಗಳಿಗೇ ಸಲ್ಲಲಿ. ಆಗ ತ್ಯಾಗ ದಾನವೂ ಆಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇನ್ನೂ ದೊಡ್ಡದು. ಪಂಚಕಲ್ಯಾಣಕ್ಕೆ ಧಾರಾಳವಾಗಿ ವೆಚ್ಚ ಮಾಡುವ ಮಂಡಳಿಯು, ಆವರಣದೊಳಗೆ ವಿಷ ಬಳಸಕೂಡದೆಂಬ ಒಂದು ಸಾಲಿನ ನಿರ್ಣಯ ಮಾಡಲು ಹಣ ಬೇಕಿಲ್ಲ. ಹುಲ್ಲುಹಾಸಿನ ಜಾಗದಲ್ಲಿ ನುಗ್ಗೆ, ನಿಂಬೆ, ಔಷಧಿ ಗಿಡಗಳು ಬರಲಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಕನ್ನಡ ನಾಡಿನ ಜೈನರು ಶತಮಾನಗಳಿಂದ ಕೊಂಡಾಡುತ್ತ ಬಂದಿದ್ದಾರೆ. ಸೊಪ್ಪು ತರಕಾರಿ ನೆರೆಯವರಿಗೆ, ಮೂಲಿಕೆ ರೋಗಿಗೆ, ಗಿಡದ ಹೆಸರು ಗುಣಗಳ ಅರಿವು ಮಕ್ಕಳಿಗೆ, ನೆರಳು ಪ್ರಾಣಿಪಕ್ಷಿಗಳಿಗೆ ಎಂದಾದರೆ ನಾಲ್ಕೂ ದಾನಗಳು ಅದೊಂದೇ ಹಿತ್ತಲಿನಲ್ಲಿ ನಡೆಯುತ್ತವೆ. ಮೊದಲ ಮೂರನ್ನು ಕೊಡಲು ಏನಾದರೂ ಕೈಯಲ್ಲಿರಬೇಕು. ಅಭಯವನ್ನು ಕೊಡಲು ಕೈಯಲ್ಲಿರುವ ಸೀಸೆಯನ್ನು ಕೆಳಗಿಟ್ಟರೆ ಸಾಕು.