ಮುಧೋಳದ ನಾಯಿಗೊಂದು ದಿನ

ವರ್ಷದಲ್ಲಿ ಯಾರಿಗೂ ಸೇರದೆ ಬಿಡಿಯಾಗಿ ಉಳಿದಿರುವ ದಿನವೊಂದನ್ನು ಹುಡುಕುವುದು ಈಗ ಕಷ್ಟವಾಗಿದೆ. ತಾಯಿಗೆ ಒಂದು ದಿನ, ತಂದೆಗೆ ಒಂದು ದಿನ, ಚಹಾಕ್ಕೆ ಒಂದು, ಗುಬ್ಬಚ್ಚಿಗೆ ಒಂದು. ಆಗಸ್ಟ್ ೨೬ ನಾಯಿಗಳ ದಿನವಂತೆ. ಪಾಶ್ಚಾತ್ಯ ದೇಶಗಳಲ್ಲಿ ಇದೂ ಸಾಲದೆ, ಒಂದೊಂದು ತಳಿಯ ಅಭಿಮಾನಿಗಳು ತಮ್ಮ ತಮ್ಮ ನಾಯಿಗೆ ಪ್ರತ್ಯೇಕವಾಗಿ ಒಂದು ದಿನವನ್ನು ಕಾದಿರಿಸಿಕೊಂಡು ಹಬ್ಬ ಮಾಡುತ್ತಾರೆ. ಇದನ್ನು ಕಂಡ ನನ್ನ ಮಿತ್ರರೊಬ್ಬರು, ನಮ್ಮ ಮುಧೋಳದ ಬೇಟೆನಾಯಿಗೂ ಅಂಥದೊಂದು ದಿನ ಏಕಿರಬಾರದು ಎಂದು ಕೇಳಿದರು. ಕೂಡದೆನ್ನಲು ನನಗೆ ಕಾರಣ ತೋರಲಿಲ್ಲ. ಆದರೆ ಆ ದಿನ ಏನು ಮಾಡತಕ್ಕದ್ದು ಎಂಬ ವಿಚಾರದಲ್ಲಿ ನನಗೂ ಅವರಿಗೂ ಒಮ್ಮತವಾಗಲಿಲ್ಲ. ಮೆರವಣಿಗೆ, ಹಾರ, ಭಾಷಣ, ಛಾಯಾಚಿತ್ರ, ಇಷ್ಟಾದರೆ ಅವರಿಗೆ ತೃಪ್ತಿ. ನನ್ನ ಕೇಳಿಕೆ ಇದಕ್ಕಿಂತ ತುಸು ದುಬಾರಿಯಾದುದು.

ಪ್ರಾಣಿಗಳ ವಿಷಯದಲ್ಲಿ ನಮ್ಮ ಪಂಚಾಂಗ ಕೃಪಣವಾದುದಲ್ಲ. ಕಾರಹುಣ್ಣಿಮೆ ಎತ್ತುಗಳದು; ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಅವುಗಳಿಂದ ಕರಿ ಹರಿಸುತ್ತೇವೆ. ನಾಗರಪಂಚಮಿ ಹಾವಿನದು. ಹಗಲಿರುಳೂ ಮನೆಯ ಬಾಗಿಲಲ್ಲೇ ಬಿದ್ದಿರುವ ನಾಯಿಗೆ ಮಾತ್ರ ಯಾರೂ ಒಂದು ತಿಥಿಯನ್ನು ಗೊತ್ತುಮಾಡಲಿಲ್ಲ. ಅದರ ಪಾಲಿಗೆ ಬಂದುದು ಬೈಗುಳ. ಬಾಳು ಕೆಟ್ಟರೆ ಅದು ನಾಯಿಪಾಡು, ತಿದ್ದಲಾಗದವನ ಬುದ್ಧಿ ನಾಯಿಯ ಬಾಲ. ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಗಾಗಿ ಹಟ ಹಿಡಿದ ಕಥೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಕೇಳುವವರೇ, ಮನೆಗೆ ಬಂದು ಅಂಗಳದ ನಾಯಿಗೆ ಕಲ್ಲೆಸೆಯುತ್ತಾರೆ.

ನೆರೆಯ ನೇಪಾಳದವರು ಈ ವಿಷಯದಲ್ಲಿ ನಮಗಿಂತ ಉದಾರಿಗಳು. ಅವರ ತಿಹಾರ್ ಹಬ್ಬದ ಎರಡನೆಯ ದಿನ, ಎಂದರೆ ನಮಗೆ ನರಕಚತುರ್ದಶಿಯಾದ ದಿನ, ನಾಯಿಗಳಿಗೆ ತಿಲಕವಿಟ್ಟು, ಕೊರಳಿಗೆ ಹೂಮಾಲೆ ಹಾಕಿ, ಒಳ್ಳೆಯ ಊಟ ಬಡಿಸುತ್ತಾರೆ. ಆ ದಿನವನ್ನೇ ನಾವೂ ಆರಿಸಿಕೊಳ್ಳಬಹುದಿತ್ತು. ಆದರೆ ನಮ್ಮಲ್ಲಿ ಅಂದು ಪಟಾಕಿಗಳ ಆರ್ಭಟ. ಸನ್ಮಾನಿತನು ಮಂಚದ ಕೆಳಗೆ ನಡುಗುತ್ತ ಅಡಗಿರುವಾಗ ಸನ್ಮಾನ ಮಾಡುವುದು ಹೇಗೆ?

ಹಾಗೆಂದು ನಾಯಿಯ ಗೌರವ ನಮಗೆ ಹೊರಗಿನಿಂದ ಬರಬೇಕಾದ ಸರಕಲ್ಲ. ಮೈಲಾರಲಿಂಗನ ಗೊರವರು ಕಂಬಳಿ ತೊಟ್ಟು, ಭಕ್ತರು ದೋಣಿಯಲ್ಲಿ ನೀಡಿದ ಹಾಲುಹಣ್ಣನ್ನು ನಾಯಿಗಳಂತೆ ಬೊಗಳುತ್ತ ಬಾಯಿಟ್ಟು ಉಣ್ಣುತ್ತಾರೆ. ದೇವರ ನಾಯಿ ಎನಿಸಿಕೊಳ್ಳುವುದು ಅಲ್ಲಿ ಪದವಿ. ಇದಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯವೊಂದು ಕಲ್ಲಿನಲ್ಲಿಯೇ ಇದೆ.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಚರಿತ್ರೆಯ ವಿದ್ಯಾರ್ಥಿಗಳು ತಕ್ಕೋಲದ ಕಾಳಗಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ನಡೆದ ಆ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮವನ್ನು ಮೆಚ್ಚಿದ ಚಕ್ರವರ್ತಿ, ಬೇಕಾದುದನ್ನು ಬೇಡಿಕೋ ಎಂದನಂತೆ. ಆತ ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಅದನ್ನು ಒಂದು ಹಿರಿಯ ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತುವು. ಮಣಲೆರನು ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲು ನಿಲ್ಲಿಸಿದನು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಆ ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಪರಸ್ಪರ ಎರಗಿರುವ ಚಿತ್ರವಿದೆ.

ನನ್ನ ಮನಸ್ಸನ್ನು ಸೆಳೆಯುವುದು ಚಿತ್ರಕ್ಕಿಂತ ಹೆಚ್ಚಾಗಿ ಆ ಶಾಸನದ ವ್ಯವಹಾರಜ್ಞಾನ. ಕಲ್ಲು ನಿಲ್ಲಿಸಿ ಕೈತೊಳೆದುಕೊಂಡಿಲ್ಲ. ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಕಂಡುಗ ಗದ್ದೆ ಬಿಟ್ಟಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗಲುವುದೆಂಬ ಕಟ್ಟಳೆಯೂ ಇದೆ. ಸತ್ತ ನಾಯಿಯ ಹೆಸರಿಗೆ ನೀರಾವರಿ ಜಮೀನು! ವರ್ಷಕ್ಕೊಂದು ದಿನವಲ್ಲ, ಊಟದ ಪ್ರತಿಯೊಂದು ಹೊತ್ತೂ ಅದರ ನೆನಪು! ಗೌರವವೆಂದರೆ ಹೆಸರು, ಹೆಸರಿನ ಹಿಂದೆ ಒಂದು ಕೆಲಸ, ಅದರ ಹಿಂದೆ ಒಂದು ಹೊಲ, ಹೊಲದ ಹಿಂದೆ ಒಬ್ಬ ಹೊಣೆಗಾರ ಎಂದು ಆ ಕಾಲದವರು ತಿಳಿದಿದ್ದರು.

ಆ ಶಾಸನದ ಸಂವತ್ಸರ ಸೌಮ್ಯ, ಕ್ರಿಸ್ತಶಕ ೯೪೯-೫೦. ಅದೇ ಸೌಮ್ಯ ಸಂವತ್ಸರದಲ್ಲಿ ಕನ್ನಡ ನಾಡಿನ ಬಡಗಣ ಭಾಗದ ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ, ರನ್ನ ಹುಟ್ಟಿದನು. ಆ ಮುದುವೊಳಲೇ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಕಾಳಿ ಮುಧೋಳದ ತಳಿಯದೇ ಎಂದು ವಾದಿಸುವ ಉತ್ಸಾಹ ನನಗಿಲ್ಲ, ಅದಕ್ಕೆ ಆಧಾರವೂ ಇಲ್ಲ. ಆದರೂ ಒಂದೇ ಸಂವತ್ಸರದಲ್ಲಿ ಒಂದೆಡೆ ನಾಯಿಗೊಂದು ಕಲ್ಲು, ಇನ್ನೊಂದೆಡೆ ನಾಯಿಗೆ ಹೆಸರಾಗಲಿದ್ದ ಊರಿನಲ್ಲಿ ಕವಿ! ಇಂಥ ಕಾಕತಾಳೀಯವನ್ನು ಕಂಡು ಸುಮ್ಮನಿರುವಷ್ಟು ನಾನು ವಿರಕ್ತನಲ್ಲ.

ಮುಧೋಳದ ನಾಯಿಯನ್ನು ಕಾಣದವರಿಗಾಗಿ ಎರಡು ಮಾತು. ಎರಡಡಿಗೂ ಮೀರಿದ ಎತ್ತರ, ನೀಳವಾದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂತಿರುವ ಹೊಟ್ಟೆ. ಮೊದಲ ಬಾರಿಗೆ ನೋಡಿದವರು, ಪಾಪ, ಉಪವಾಸವಿರಬೇಕು ಎಂದುಕೊಳ್ಳುತ್ತಾರೆ. ಅದು ಓಡಿದಾಗಲೇ ಆ ದೇಹದ ಅರ್ಥ ತಿಳಿಯುವುದು. ನಾಲ್ಕು ಕಾಲುಗಳೂ ಏಕಕಾಲಕ್ಕೆ ನೆಲ ಬಿಟ್ಟು, ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚುತ್ತದೆ. ಇದು ಮೂಗಿನ ನಾಯಿಯಲ್ಲ, ಕಣ್ಣಿನ ನಾಯಿ. ಬಯಲಿನಲ್ಲಿ ದೂರದ ಮೊಲವನ್ನು ಕಂಡು, ಕಂಡುದನ್ನು ಅಟ್ಟಿ ಹಿಡಿಯಲೆಂದು ತಲೆತಲಾಂತರದಿಂದ ಆಯ್ದು ಬೆಳೆಸಿದ್ದು. ಮಹಾರಾಷ್ಟ್ರದ ಕಡೆ ಇದನ್ನು ಕಾರವಾನಿ ಎನ್ನುತ್ತಾರೆ, ಕಿವಿ ಬಾಲಗಳಲ್ಲಿ ಉದ್ದ ರೋಮವುಳ್ಳದ್ದನ್ನು ಪಶ್ಮಿ ಎನ್ನುತ್ತಾರೆ. ಬೇಡರ ಬಳಿಯಿದ್ದ ಈ ನಾಯಿಗಳನ್ನು ಗುರುತಿಸಿ ಪೋಷಿಸಿದ ಕೀರ್ತಿಯನ್ನು ಮುಧೋಳ ಸಂಸ್ಥಾನದ ಅರಸು ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲಿಸುವುದು ವಾಡಿಕೆ. ಅವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಿತ್ತರೆಂದೂ ಪ್ರತೀತಿ ಉಂಟು. ಅರಸರ ಕೀರ್ತಿ ಅವರಿಗಿರಲಿ. ಅದಕ್ಕೆ ಮುಂಚೆ ಎಷ್ಟೋ ತಲೆಮಾರು ತಮ್ಮ ರೊಟ್ಟಿಯಲ್ಲಿ ಮುರಿದು ಹಾಕಿ ತಳಿ ಕಾಯ್ದ ಬೇಡರ ಹೆಸರು ಯಾವ ಪ್ರತೀತಿಯಲ್ಲೂ ಇಲ್ಲ. ೨೦೦೫ರ ಜನವರಿ ೯ರಂದು ಅಂಚೆ ಇಲಾಖೆ ದೇಶದ ನಾಲ್ಕು ತಳಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ ಎಂದು ಗಾದೆ ಹಾಸ್ಯ ಮಾಡುತ್ತದೆ. ಮುಧೋಳದ ನಾಯಿಯ ಪಾಲಿಗೆ ಅದು ಹಾಸ್ಯವಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದರ ಕುಲಕಸುಬು ಅಪರಾಧವಾಯಿತು. ಕಾಯಿದೆ ಸರಿಯಾದದ್ದೇ, ನಾಯಿಯ ಮೇಲಿನ ಮೋಹಕ್ಕಾಗಿ ಮೊಲ ಚಿಗರೆಗಳನ್ನು ಬಲಿಕೊಡೆಂದು ನಾನು ಹೇಳುವವನಲ್ಲ. ಆದರೆ ತಳಿಯೊಂದನ್ನು ಮಾಡಿದ್ದು ಅದರ ಕೆಲಸ. ಕೆಲಸ ಹೋದರೆ ಉಳಿಯುವುದು ಚರ್ಮದ ಬಣ್ಣ ಮತ್ತು ಬೆಲೆ. ನಿಧಾನವಾಗಿ ಓಡಿದ ನಾಯಿಯ ಸಂತತಿಯನ್ನು ಹಿಂದೆ ಬೇಟೆಗಾರ ಬೆಳೆಸುತ್ತಿರಲಿಲ್ಲ. ಇಂದು ಮರಿಯ ಅಂದ ನೋಡಿ ಕೊಳ್ಳುವವನಿಗೆ ಅದರ ಓಟದ ಗೊಡವೆಯೇ ಇಲ್ಲ. ಇನ್ನೊಂದು ಕಡೆ, ಪಂದ್ಯದ ಆಸೆಗೆ ಗ್ರೇಹೌಂಡಿನ ರಕ್ತವನ್ನು ಬೆರಸಿ, ಬೆರಕೆಯನ್ನೇ ಮುಧೋಳವೆಂದು ಮಾರುವವರಿದ್ದಾರೆ.

ಹೊಸ ಕೆಲಸಗಳು ಸಿಗದೆ ಇಲ್ಲ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ೨೦೧೬ರಲ್ಲಿ ಸೈನ್ಯದವರು ಕೆಲವು ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತು ಕೊಟ್ಟರು. ೨೦೨೧ರಲ್ಲಿ ವಾಯುಸೇನೆಯವರು ವಿಮಾನದ ಓಡುದಾರಿಯಿಂದ ಹಕ್ಕಿಗಳನ್ನು ಅಟ್ಟಲೆಂದು ಮರಿಗಳನ್ನು ಪಡೆದರು. ನನಗೆ ಅತ್ಯಂತ ಹಿಡಿಸಿದ ಉದ್ಯೋಗ ಇದು: ವಿಶಾಲವಾದ ಬಯಲು, ಕಣ್ಣಿಗೆ ಕಾಣುವ ಗುರಿ, ಯಾರ ಪ್ರಾಣಕ್ಕೂ ಎರವಿಲ್ಲದ ಓಟ. ೨೦೨೪ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಸ್ಪರ್ಧೆಯಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳದ ನಾಯಿ ೧೧೬ ವಿದೇಶಿ ನಾಯಿಗಳನ್ನು ಹಿಂದೆ ಹಾಕಿ, ಜಾಡು ಹಿಡಿಯುವ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. ಕಣ್ಣಿನ ನಾಯಿ ಮೂಗಿನ ಪರೀಕ್ಷೆಯಲ್ಲಿ ಗೆದ್ದಿತು! ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಸರ್ಕಾರಿ ನೌಕರಿ ಎಲ್ಲ ನಾಯಿಗಳಿಗೂ ದೊರೆಯುವುದಿಲ್ಲ. ಈ ಮಾತಿನಲ್ಲಿ ಅವೂ ನಮ್ಮಂತೆಯೇ.

ಕೀರ್ತಿಯೊಡನೆ ಬಂದ ವಿಪತ್ತೂ ಒಂದುಂಟು. ರೇಡಿಯೋದಲ್ಲಿ ಹೆಸರು ಕೇಳಿ, ಸ್ವದೇಶಾಭಿಮಾನ ಉಕ್ಕಿ, ನಮ್ಮ ಬೀದಿಯ ಗೃಹಸ್ಥರೊಬ್ಬರು ಮೂರನೆಯ ಅಂತಸ್ತಿನ ಮನೆಗೆ ಮುಧೋಳದ ಮರಿಯೊಂದನ್ನು ತಂದರು. ಅದು ಆರು ತಿಂಗಳಲ್ಲಿ ಸೋಫಾವನ್ನು ಹರಿದು, ಬಾಗಿಲಿನ ಮರವನ್ನು ಕಚ್ಚಿ, ಬಾಲ್ಕನಿಯ ಕಂಬಿಗಳ ನಡುವೆ ತಲೆಯಿಟ್ಟು ಕೆಳಗಿನ ರಸ್ತೆಯನ್ನೇ ನೋಡುತ್ತ ನಿಲ್ಲತೊಡಗಿತು. ಏಳನೆಯ ತಿಂಗಳು ಅದು ಅನಾಥ ನಾಯಿಗಳ ಆಶ್ರಯಕ್ಕೆ ಸೇರಿತು. ಗೃಹಸ್ಥರು ಕೆಟ್ಟವರಲ್ಲ. ಅವರು ಕೊಂಡದ್ದು ಒಂದು ಹೆಸರನ್ನು, ಮನೆಗೆ ಬಂದದ್ದು ಒಂದು ಓಟ. ಮುಧೋಳದ ನಾಯಿಯ ದಿನವೆಂದು ಊರೂರಲ್ಲಿ ಡಂಗುರ ಸಾರಿದರೆ ಮರುವಾರವೇ ಇಂಥ ಎಷ್ಟು ಬಾಲ್ಕನಿಗಳು ತುಂಬುವುವೋ ಎಂಬುದೇ ನನ್ನ ಭಯ.

ಜಪಾನಿನವರ ನಡತೆ ಇಲ್ಲಿ ನೆನಪಾಗುತ್ತದೆ. ಅವರ ಅಕಿತಾ ತಳಿ ಬೆರಕೆಯಿಂದ ಅಳಿಯುತ್ತಿದ್ದಾಗ, ೧೯೩೧ರಲ್ಲಿ, ಸರ್ಕಾರ ಅದನ್ನು ಹಳೆಯ ಮರ, ಅಪೂರ್ವ ಪಕ್ಷಿಗಳ ಸಾಲಿಗೆ ಸೇರಿಸಿ ನೈಸರ್ಗಿಕ ಸ್ಮಾರಕವೆಂದು ಸಾರಿತು. ಸತ್ತ ಒಡೆಯನಿಗಾಗಿ ಶಿಬುಯಾ ನಿಲ್ದಾಣದಲ್ಲಿ ಕಾದ ಹಚಿಕೊ ಆ ತಳಿಯದೇ. ಪ್ರತಿವರ್ಷ ಏಪ್ರಿಲ್ ೮ರಂದು ಅದರ ಪ್ರತಿಮೆಯ ಬಳಿ ಜನ ಸೇರುತ್ತಾರೆ. ಅಲ್ಲಿ ರಕ್ಷಣೆ ಮೊದಲು ಬಂದಿತು, ಹೂಮಾಲೆ ಆಮೇಲೆ.

ಆದಕಾರಣ ದಿನ ಬೇಕೇ ಬೇಕೆಂದರೆ ಅಂಚೆಚೀಟಿ ಹೊರಟ ಜನವರಿ ೯ ಆಗಲಿ. ಬೆಂಗಳೂರಿನ ಸಭಾಂಗಣದಲ್ಲಿ ಬೇಡ, ಮುಧೋಳದಲ್ಲಿಯೇ ಆಗಲಿ. ವೇದಿಕೆಯ ಮೇಲೆ ಮರಿ ಸಾಕಿ ಜೀವನ ಮಾಡುವ ಹಳ್ಳಿಗರು ಕೂರಲಿ. ತಾಯಿ ಯಾವುದು, ತಂದೆ ಯಾವುದು, ಸಾಕಿದವರು ಯಾರು ಎಂದು ಪ್ರತಿ ಮರಿಯ ವಂಶಾವಳಿಯನ್ನೂ ದೊಡ್ಡ ಪುಸ್ತಕವೊಂದರಲ್ಲಿ ಅಂದು ಬರೆಯಲಿ, ಆ ಬರಹವಿಲ್ಲದ ಮರಿಗೆ ಮುಧೋಳದ ಹೆಸರು ಸಲ್ಲದಿರಲಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಊರಿನ ಎಲ್ಲ ನಾಯಿಗಳಿಗೂ, ಬೀದಿಯವಕ್ಕೂ, ಬಿಟ್ಟಿಯಾಗಿ ದೊರೆಯಲಿ. ಆತಕೂರಿನ ಎರಡು ಕಂಡುಗಕ್ಕೆ ಸಮನಾಗಿ, ಕಬ್ಬು ಬೆಳೆಯದ ನಾಲ್ಕಾರು ಎಕರೆ ಬಯಲನ್ನು ಓಟಕ್ಕೆಂದೇ ಬೇಲಿ ಹಾಕಿ ಕಾಯ್ದಿರಿಸಲಿ. ಅಲ್ಲಿ ಹಗ್ಗಕ್ಕೆ ಕಟ್ಟಿ ಎಳೆಯುವ ಬಟ್ಟೆಯ ಮೊಲವನ್ನು ಅಟ್ಟಲಿ. ಅದನ್ನು ನೋಡಿಕೊಳ್ಳುವ ಗೊರವ ಯಾರು, ಅವನಿಗೆ ತಗಲುವ ಶಾಪವೇನು ಎಂಬುದನ್ನು ಜಿಲ್ಲಾಡಳಿತ ನಿಶ್ಚಯಿಸಲಿ. ಮರಿಗಳ ಮಾರಾಟ ಮಾತ್ರ ಅಂದು ಕೂಡದು.

ಜನವರಿಯಲ್ಲಿ ಆ ಕಡೆ ಬೆಳಗಿನ ಹೊತ್ತು ತಂಪು, ಬಿಸಿಲೇರಿದ ಮೇಲೆ ನಾಯಿಗಳಿಗೆ ಓಡಲು ಕಷ್ಟ. ಒಂಬತ್ತು ಗಂಟೆಯೊಳಗೆ ಓಟ ಮುಗಿಯುವುದು ಮೇಲು. ಭಾಷಣಗಳನ್ನು ಅನಂತರ ಇಟ್ಟುಕೊಳ್ಳಬಹುದು. ಅಷ್ಟು ಹೊತ್ತಿಗೆ ನಾಯಿಗಳು ಜೋಳದ ನುಚ್ಚು ಉಂಡು ಮನೆಯಲ್ಲಿ ಮಲಗಿರುತ್ತವೆ.