ಕಥೆಯ ನೆನಪು ನೋಡುವವರ ಹತ್ತಿರ ಇದೆ

“ಸೀರಿಯಲ್ ತಾನೇ, ಅದರಲ್ಲೇನು ತಲೆಬುಡ ಹುಡುಕುತ್ತೀರಿ?” ಧಾರಾವಾಹಿಯಲ್ಲಿ ತಪ್ಪು ಹಿಡಿಯುವ ಹೆಂಗಸರಿಗೆ ಮನೆಮನೆಯಲ್ಲೂ ಸಿಗುವ ಉತ್ತರ ಇದು. ಕ್ರಿಕೆಟ್ ಪಂದ್ಯ ಮುಗಿದ ಮೇಲೆ ಬೌಲಿಂಗ್ ಬದಲಾವಣೆ ಸರಿಯಿರಲಿಲ್ಲ ಎಂದು ಒಂದು ಗಂಟೆ ವಾದ ಮಾಡುವವರನ್ನು ಯಾರೂ ಹೀಗೆ ಬಾಯಿ ಮುಚ್ಚಿಸುವುದಿಲ್ಲ. ಅದು ಆಟದ ತಿಳಿವಳಿಕೆ, ಇದು ಕೆಲಸವಿಲ್ಲದವರ ಗೊಣಗಾಟ ಎಂದು ಎಲ್ಲರೂ ಒಪ್ಪಿಕೊಂಡಂತಿದೆ. ನಾನು ಒಪ್ಪುವುದಿಲ್ಲ. ಐದು, ಹತ್ತು, ಮೂವತ್ತು ವರ್ಷ ಓಡುವ ಕಥೆಯಲ್ಲಿ ಬರೆಯುವವರು ಬದಲಾಗುತ್ತಾರೆ, ನಿರ್ದೇಶಕರು ಬದಲಾಗುತ್ತಾರೆ, ಚಾನೆಲ್‌ನ ಮುಖ್ಯಸ್ಥರು ಬದಲಾಗುತ್ತಾರೆ. ಮೊದಲ ಸಂಚಿಕೆಯಿಂದ ಕೊನೆಯವರೆಗೆ ಜೊತೆಗಿರುವವರು ನೋಡುವವರು ಮಾತ್ರ. ಅವರು “ಇದು ಹೀಗಿರಲಿಲ್ಲವಲ್ಲ” ಎಂದಾಗ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಮಾತಾಡುತ್ತಿದ್ದಾರೆ ಎಂದು ತಿಳಿಯಬೇಕು.

ಇದನ್ನು ನಾನು ಕಲಿತದ್ದು ಅಮೆರಿಕದಲ್ಲಿ. ಮದುವೆಯಾಗಿ ನ್ಯೂಜೆರ್ಸಿಗೆ ಹೋದಾಗ ನನ್ನದು ಎಚ್-4 ವೀಸಾ. ಆ ವೀಸಾದಲ್ಲಿ ಹೋದ ಹೆಂಡತಿಯರು ಆಗ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳಿಗೆ ಅಲ್ಲಿನ ಮಧ್ಯಾಹ್ನಗಳು ಕಳೆಯುತ್ತಲೇ ಇರಲಿಲ್ಲ. ಕೆಳಗಿನ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು, ಎಪ್ಪತ್ತು ದಾಟಿದವರು, ಒಂಟಿ. ಒಂದು ದಿನ ಕಾಫಿಗೆ ಕರೆದರು. ಮಧ್ಯಾಹ್ನ ಒಂದು ಗಂಟೆಗೆ ಟಿವಿಯಲ್ಲಿ ‘ಆಲ್ ಮೈ ಚಿಲ್ಡ್ರನ್’ ಧಾರಾವಾಹಿ ಶುರುವಾಯಿತು. ಅಂದಿನಿಂದ ನಾನು ಅವರ ಸೋಫಾದ ಕಾಯಂ ಗಿರಾಕಿಯಾದೆ. ಅವರನ್ನು ನಾನು ಆಂಟಿ ಎಂದೇ ಕರೆಯುತ್ತಿದ್ದೆ. ಅವರಿಗೆ ಅದು ಹಿಡಿಸಿತ್ತು.

ಅಲ್ಲಿನ ಹಗಲು ಧಾರಾವಾಹಿಗಳ ವಯಸ್ಸು ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೊದಲ್ಲಿ ಶುರುವಾಗಿ 1952ರಲ್ಲಿ ಟಿವಿಗೆ ಬಂತು. ‘ಜನರಲ್ ಹಾಸ್ಪಿಟಲ್’ 1963ರಿಂದ ಇಂದಿನವರೆಗೂ ನಡೆಯುತ್ತಿದೆ. ಆಂಟಿ ಚಿಕ್ಕವರಿದ್ದಾಗ ತಾಯಿ ಬಟ್ಟೆ ಇಸ್ತ್ರಿ ಮಾಡುತ್ತಾ ರೇಡಿಯೊದಲ್ಲಿ ಕೇಳುತ್ತಿದ್ದ ಕಥೆಯನ್ನೇ ಅವರು ಮುದುಕಿಯಾದ ಮೇಲೂ ನೋಡುತ್ತಿದ್ದರು. ‘ಗೈಡಿಂಗ್ ಲೈಟ್’ನ ಮೂಲ ಬರಹಗಾರ್ತಿ ಇರ್ನಾ ಫಿಲಿಪ್ಸ್ 1973ರಲ್ಲೇ ತೀರಿಕೊಂಡಿದ್ದರು. ಕಥೆ ನಿಂತಿರಲಿಲ್ಲ.

ಹೀಗೆ ನೋಡುವವರು ಯಾವುದನ್ನು ಸಹಿಸುತ್ತಾರೆ, ಯಾವುದನ್ನು ಸಹಿಸುವುದಿಲ್ಲ ಎಂಬುದರಲ್ಲಿ ಒಂದು ಸ್ಪಷ್ಟ ತತ್ವವಿದೆ. ಮಕ್ಕಳು ದಿಢೀರನೆ ದೊಡ್ಡವರಾಗುವುದನ್ನೇ ತೆಗೆದುಕೊಳ್ಳಿ. ‘ಆಸ್ ದ ವರ್ಲ್ಡ್ ಟರ್ನ್ಸ್’ನಲ್ಲಿ 1961ರಲ್ಲಿ ಹುಟ್ಟಿದ ಟಾಮ್ ಹ್ಯೂಸ್ ಹತ್ತು ವರ್ಷದ ಆಸುಪಾಸಿನಲ್ಲಿ ವಿಯೆಟ್ನಾಂ ಯುದ್ಧವನ್ನೂ ಮುಗಿಸಿದ್ದ. ಆಂಟಿ ಇದನ್ನು ಲೆಕ್ಕ ಹಾಕಿ ಹೇಳುತ್ತಿದ್ದರು, ಆದರೆ ಕೋಪವಿರಲಿಲ್ಲ. ಮಗು ತೊಟ್ಟಿಲಲ್ಲಿದ್ದರೆ ಕಥೆ ನಡೆಯುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ನಟ ಬದಲಾದರೂ ಕೋಪವಿರಲಿಲ್ಲ. ದೃಶ್ಯ ಶುರುವಾಗುವಾಗ “ಈ ಪಾತ್ರವನ್ನು ಇಂದಿನಿಂದ ಇಂಥವರು ನಿರ್ವಹಿಸುತ್ತಾರೆ” ಎಂದು ಹಿನ್ನೆಲೆಯಲ್ಲಿ ಒಂದು ಧ್ವನಿ ಹೇಳುತ್ತಿತ್ತು. ಮರ್ಯಾದೆಯ ಪದ್ಧತಿ ಅದು. ಹೇಳಿದರು, ಒಪ್ಪಿಕೊಂಡೆವು, ಮುಂದೆ ಹೋದೆವು.

ಕೋಪ ಬಂದದ್ದು ಬೇರೆ ಕಡೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

‘ಆಲ್ ಮೈ ಚಿಲ್ಡ್ರನ್’ ಧಾರಾವಾಹಿಯನ್ನು 1970ರಲ್ಲಿ ಶುರು ಮಾಡಿದವರು ಆಗ್ನೆಸ್ ನಿಕ್ಸನ್. ಅದರ ಕೇಂದ್ರಪಾತ್ರ ಎರಿಕಾ ಕೇನ್, ಆ ಪಾತ್ರದಲ್ಲಿ ಸೂಸನ್ ಲೂಚಿ. 1973ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ರೋ ವರ್ಸಸ್ ವೇಡ್’ ತೀರ್ಪಿನಲ್ಲಿ ಗರ್ಭಪಾತದ ಹಕ್ಕನ್ನು ಎತ್ತಿಹಿಡಿಯಿತು. ಅದೇ ವರ್ಷ ಎರಿಕಾ ಗಂಡನಿಗೆ ತಿಳಿಸದೆ ಗರ್ಭಪಾತ ಮಾಡಿಸಿಕೊಂಡಳು. ಜೀವಕ್ಕೆ ಅಪಾಯವಿತ್ತು ಎಂದಲ್ಲ. ಮಾಡೆಲ್ ಆಗಿ ಮುಂದೆ ಬರಬೇಕಿತ್ತು, ಆಗ ಮಗು ಬೇಡವಾಗಿತ್ತು, ಅಷ್ಟೇ. ಮನೆಯಲ್ಲಿ ಕೂತು ನೋಡುವ ಹೆಂಗಸರ ಮುಂದೆ ಇಂಥ ನಿರ್ಧಾರವನ್ನು ಇಡುವುದು ಆಗ ಸಣ್ಣ ಧೈರ್ಯವಲ್ಲ. ಆಂಟಿ ಅದಕ್ಕೂ ಹಿಂದಿನ ವರ್ಷಗಳಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿದ್ದವರು. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ನಂಜೇರಿ ಬಂದ ಹುಡುಗಿಯರನ್ನು ಕಂಡಿದ್ದರು, ಕೆಲವರು ಉಳಿಯಲಿಲ್ಲ ಎಂದಿದ್ದರು. ಅವರಿಗೆ ಎರಿಕಾಳ ಆ ಸಂಚಿಕೆ ಮನರಂಜನೆಯಾಗಿರಲಿಲ್ಲ.

ಸುಮಾರು ಮೂರು ದಶಕ ಕಳೆದ ಮೇಲೆ, 2005–06ರಲ್ಲಿ, ಬರಹಗಾರರ ತಂಡ ಒಂದು ತಿರುವು ತಂದಿತು. ಆ ಗರ್ಭಪಾತ ಆಗಲೇ ಇಲ್ಲವಂತೆ! ಗ್ರೆಗ್ ಮ್ಯಾಡನ್ ಎಂಬ ವೈದ್ಯ ಎರಿಕಾಗೆ ತಿಳಿಯದಂತೆ ಆ ಭ್ರೂಣವನ್ನು ತೆಗೆದು ತನ್ನ ಹೆಂಡತಿಯ ಗರ್ಭದಲ್ಲಿ ಇಟ್ಟಿದ್ದನಂತೆ. ಆ ಮಗು ಬೆಳೆದು ಜಾಶ್ ಎಂಬ ಯುವಕನಾಗಿ ಊರಿಗೆ ಬಂದಿದ್ದಾನಂತೆ.

ಆಂಟಿ ಕಾಫಿ ಲೋಟ ಕೆಳಗಿಟ್ಟು ಟಿವಿಯ ಧ್ವನಿ ಪೂರ್ತಿ ಇಳಿಸಿದರು. ಮೊದಲು ಮಾತಾಡಿದ್ದು ಅವರೊಳಗಿನ ನರ್ಸ್. ಗರ್ಭಕೋಶಕ್ಕೆ ಅಂಟಿ ಬೆಳೆಯುತ್ತಿರುವ ಭ್ರೂಣವನ್ನು ಕಿತ್ತು ಇನ್ನೊಬ್ಬಳ ಒಡಲಲ್ಲಿ ನೆಡುವುದು ಇವತ್ತಿಗೂ ಯಾವ ಆಸ್ಪತ್ರೆಯಲ್ಲೂ ಆಗುವ ಕೆಲಸವಲ್ಲ. ಪ್ರಯೋಗಾಲಯದ ಮೊದಲ ಪ್ರನಾಳ ಶಿಶು ಹುಟ್ಟಿದ್ದೇ 1978ರಲ್ಲಿ. ಆಮೇಲೆ ಮಾತಾಡಿದ್ದು 1973ರ ಪ್ರೇಕ್ಷಕಿ. “ಆ ಹುಡುಗಿ ಒಂದು ನಿರ್ಧಾರ ತಗೊಂಡಿದ್ದಳು. ಅದನ್ನು ಅವಳ ಕೈಯಿಂದ ಕಿತ್ತುಕೊಂಡರು,” ಎಂದರು.

ಕಥೆಯ ತೂತು ಎಂದರೆ ಗಡಿಯಾರದ ಮುಳ್ಳು ತಪ್ಪಾಗಿದೆ, ಸೀರೆಯ ಬಣ್ಣ ಬದಲಾಗಿದೆ ಎನ್ನುವುದಷ್ಟೇ ಎಂದುಕೊಂಡವರಿಗೆ ಈ ಮಾತನ್ನು ನಾನು ಹೇಳಬೇಕೆಂದಿದ್ದೆ. ಈ ತಿರುವಿನಲ್ಲಿ ವೈದ್ಯಶಾಸ್ತ್ರದ ತಪ್ಪಿದೆ, ನಿಜ. ಅದಕ್ಕಿಂತ ದೊಡ್ಡದು, ಒಂದು ಪಾತ್ರ ಬದುಕಿದ ಬದುಕನ್ನೇ ಹಿಂದಕ್ಕೆ ಹೋಗಿ ಅಳಿಸಿದ್ದು. ಆ ಬದುಕನ್ನು ಅವಳ ಜೊತೆ ಬದುಕಿದ ಲಕ್ಷಾಂತರ ಹೆಂಗಸರಿಗೆ ಅದು ತಮ್ಮನ್ನೇ ಸುಳ್ಳು ಮಾಡಿದಂತೆ. ಅವರು ಎತ್ತಿದ ಆಕ್ಷೇಪ ಸಣ್ಣದಾಗಿರಲಿಲ್ಲ. ಜಾಶ್ ಪಾತ್ರ 2009ರಲ್ಲಿ ಸತ್ತುಹೋಯಿತು. ‘ರೋ ವರ್ಸಸ್ ವೇಡ್’ ತೀರ್ಪನ್ನೇ 2022ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದಾಗ ನನಗೆ ಮೊದಲು ನೆನಪಾದದ್ದು ಕೆಳಗಿನ ಮನೆಯ ಆ ಮಧ್ಯಾಹ್ನ.

ಹಾಗೆಂದು ಹಳೆಯದನ್ನು ಮುಟ್ಟಲೇಬಾರದು ಎಂಬ ಹಟ ಈ ಪ್ರೇಕ್ಷಕರಿಗಿಲ್ಲ. ಇದೇ ಧಾರಾವಾಹಿಯಲ್ಲಿ 1993ರಲ್ಲಿ ಕೆಂಡಲ್ ಎಂಬ ಹುಡುಗಿ ಬಂದಳು. ಎರಿಕಾ ಹದಿನಾಲ್ಕರ ವಯಸ್ಸಿನಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಹೆತ್ತು ಬಿಟ್ಟುಕೊಟ್ಟ ಮಗಳು ಅವಳು. ಅದಕ್ಕೆ ಮುಂಚೆ ಆ ಮಗುವಿನ ಸುಳಿವೂ ಕಥೆಯಲ್ಲಿರಲಿಲ್ಲ. ತಾಂತ್ರಿಕವಾಗಿ ಅದೂ ತೂತೇ. ಆದರೂ ಆಂಟಿ ಅದನ್ನು ಮನಸಾರೆ ಒಪ್ಪಿದ್ದರು. ಎರಿಕಾ ಏಕೆ ಯಾರನ್ನೂ ನಂಬುವುದಿಲ್ಲ, ಏಕೆ ಸದಾ ಓಡುತ್ತಿರುತ್ತಾಳೆ ಎಂಬುದಕ್ಕೆ ಆ ಹಳೆಯ ಗಾಯ ಕಾರಣ ಕೊಟ್ಟಿತು. ಇಪ್ಪತ್ತು ವರ್ಷ ನೋಡಿದ್ದು ಸುಳ್ಳಾಗಲಿಲ್ಲ, ಇನ್ನಷ್ಟು ಅರ್ಥವಾಯಿತು. ಒಂದೇ ಪಾತ್ರದ ಹಿಂದಿನ ಕಥೆಗೆ ಎರಡು ಬಾರಿ ಕೈಹಾಕಿದರು, ಒಮ್ಮೆ ಕಟ್ಟಿದರು, ಒಮ್ಮೆ ಕೆಡವಿದರು. ವ್ಯತ್ಯಾಸ ಹೇಳಲು ಆಂಟಿಗೆ ಯಾವ ವಿಮರ್ಶಾಶಾಸ್ತ್ರವೂ ಬೇಕಿರಲಿಲ್ಲ.

ಚಿತ್ರೀಕರಣದ ವಿಷಯದಲ್ಲೂ ಇದೇ ಮಾತು. ಖರ್ಚು ಉಳಿಸಲು 2008ರ ಫೆಬ್ರುವರಿ ಕೊನೆಯಲ್ಲಿ ‘ಗೈಡಿಂಗ್ ಲೈಟ್’ ಹಳೆಯ ಸ್ಟುಡಿಯೊ ಪದ್ಧತಿ ಬಿಟ್ಟಿತು. ಕೈಯಲ್ಲಿ ಹಿಡಿಯುವ ಸಣ್ಣ ಡಿಜಿಟಲ್ ಕ್ಯಾಮೆರಾ, ನಾಲ್ಕೂ ಗೋಡೆಗಳಿರುವ ಕೋಣೆಗಳು, ಹೊರಾಂಗಣಕ್ಕೆ ನ್ಯೂಜೆರ್ಸಿಯ ಪೀಪ್ಯಾಕ್ ಎಂಬ ಸಣ್ಣ ಊರು. ಚಿತ್ರ ಅಲುಗಾಡುತ್ತಿತ್ತು, ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಮುಖಗಳ ಮೇಲೆ ಬೆಳಕಿರಲಿಲ್ಲ. ಅಭಿಮಾನಿಗಳು ಇವಿಷ್ಟನ್ನೂ ಒಂದೊಂದಾಗಿ ಎತ್ತಿ ಹೇಳಿದರು. ಹಣವಿಲ್ಲ ಎಂಬುದು ಅವರಿಗೂ ಗೊತ್ತಿತ್ತು. “ಬಡತನ ಇದ್ದರೆ ಇರಲಿ, ಮುಖ ಕಾಣಿಸಲಿ,” ಎನ್ನುತ್ತಿದ್ದರು ಆಂಟಿ. ನಿಜವಾದ ಬೀದಿ, ನಿಜವಾದ ಮರಗಳು ಬಂದದ್ದು ಅವರಿಗೆ ಇಷ್ಟವೇ ಆಗಿತ್ತು. ಹಗಲು ಧಾರಾವಾಹಿಯ ಜೀವ ಇರುವುದು ಇಬ್ಬರು ಎದುರುಬದುರು ನಿಂತು ಮಾತಾಡುವಲ್ಲಿ, ಮುಖದ ಮೇಲೆ ಒಂದು ಭಾವ ಬಂದು ಹೋಗುವಲ್ಲಿ. ಅದನ್ನು ಕಾಣದಂತೆ ಮಾಡಿ ಉಳಿದದ್ದನ್ನು ಉಳಿಸಿ ಏನು ಫಲ? ಎಪ್ಪತ್ತೆರಡು ವರ್ಷ ನಡೆದ ಆ ಕಥೆ 2009ರ ಸೆಪ್ಟೆಂಬರ್ 18ರಂದು ನಿಂತಿತು. ತಪ್ಪು ಹಿಡಿಯುತ್ತಿದ್ದವರೇ ಕೊನೆಯ ದಿನದವರೆಗೂ ಇದ್ದರು.

2011ರ ಏಪ್ರಿಲ್‌ನಲ್ಲಿ ‘ಆಲ್ ಮೈ ಚಿಲ್ಡ್ರನ್’ ನಿಲ್ಲಿಸುತ್ತೇವೆ ಎಂದು ಎಬಿಸಿ ಘೋಷಿಸಿದಾಗ ವ್ಯಾಕ್ಯೂಮ್ ಕ್ಲೀನರ್ ಮಾಡುವ ಹೂವರ್ ಕಂಪನಿ ಅಭಿಮಾನಿಗಳ ಪರ ನಿಂತು ಆ ವಾಹಿನಿಗೆ ಕೊಡುತ್ತಿದ್ದ ಜಾಹೀರಾತನ್ನು ಹಿಂತೆಗೆದುಕೊಂಡಿತು. ನೋಡುವವರ ಮಾತಿಗೆ ವಾಹಿನಿಗಿಂತ ಜಾಹೀರಾತುದಾರನೇ ಹೆಚ್ಚು ಬೆಲೆ ಕೊಟ್ಟ ಆ ಸಂಗತಿ ನನಗೆ ಈಗಲೂ ಆಶ್ಚರ್ಯ.

ಈಗ ನಮ್ಮಲ್ಲಿಗೆ ಬರೋಣ. ಮೈಸೂರಿಗೆ ವಾಪಸಾದ ಮೇಲೆ ನನ್ನ ಸಂಜೆಗಳು ಅತ್ತಿಗೆಯ ಜೊತೆ. ಅವರು ಕನ್ನಡ ಧಾರಾವಾಹಿಗಳನ್ನು ನೋಡುವುದು ಆಂಟಿಯಷ್ಟೇ ಎಚ್ಚರದಿಂದ. ಆ ಸೀರಿಯಲ್‌ನ ಶ್ರೀಮಂತರ ಬಂಗಲೆಯೂ ಈ ಸೀರಿಯಲ್‌ನ ಮಿನಿಸ್ಟರ್ ಮನೆಯೂ ಒಂದೇ ಶೂಟಿಂಗ್ ಮನೆ ಎಂದು ಮೆಟ್ಟಿಲು ನೋಡಿಯೇ ಹೇಳಬಲ್ಲರು. ಅದಕ್ಕೆ ಅವರ ಆಕ್ಷೇಪವಿಲ್ಲ. ಮಂಡ್ಯ ಕಡೆಯ ಒಕ್ಕಲು ಮನೆತನ ಎಂದು ಪರಿಚಯಿಸಿದ ಕುಟುಂಬದ ಮದುವೆಯಲ್ಲಿ ಚಪ್ಪರದ ಶಾಸ್ತ್ರವಿಲ್ಲ, ಸೋಬಾನೆಯಿಲ್ಲ, ಸಂಗೀತ್ ಮತ್ತು ಮೆಹಂದಿ ಎರಡು ವಾರ ನಡೆಯುತ್ತದೆ ಎಂಬುದಕ್ಕೆ ಆಕ್ಷೇಪ. ಅದು ಹಿಂದಿ ಮೂಲದಿಂದ ಹಾಗೇ ಎತ್ತಿಕೊಂಡದ್ದು ಎಂದು ಅವರಿಗೆ ಕೂಡಲೇ ಗೊತ್ತಾಗುತ್ತದೆ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ತಪ್ಪು ತಿಳಿವಳಿಕೆಯನ್ನು ಮೂರು ತಿಂಗಳು ಎಳೆಯುವುದಕ್ಕೆ ಆಕ್ಷೇಪ. ಕಳೆದ ವರ್ಷ ಓದು ಬಾರದ ಅತ್ತೆ ಈ ವರ್ಷ ಆಸ್ತಿ ಪತ್ರ ಓದಿ ಸಹಿ ಹಾಕುವುದಕ್ಕೆ ಆಕ್ಷೇಪ.

‘ಪುಟ್ಟಗೌರಿ ಮದುವೆ’ ನೆನಪಿರಬೇಕು. ಹಿಂದಿಯ ‘ಬಾಲಿಕಾ ವಧು’ವಿನ ಕನ್ನಡ ರೂಪವಾಗಿ ಬಂದ ಅದು ಬಾಲ್ಯವಿವಾಹದ ಸಂಕಟವನ್ನು ಹಿಡಿದು ಹೊರಟ ಕಥೆ. ವರ್ಷಗಳು ಉರುಳಿದಂತೆ ಅದು, ಗೌರಿ ಬೆಟ್ಟದಿಂದ ಬಿದ್ದೂ ಬದುಕಿ ಬರುವ ಹಂತಕ್ಕೆ ತಲುಪಿತು. ಅದನ್ನು ಗೇಲಿ ಮಾಡಿ ನಕ್ಕವರಲ್ಲಿ ಧಾರಾವಾಹಿಯನ್ನು ಎಂದೂ ನೋಡದವರೇ ಹೆಚ್ಚು. ನೋಡುತ್ತಿದ್ದ ಅತ್ತಿಗೆ ನಗಲಿಲ್ಲ. “ಚಿಕ್ಕ ಹುಡುಗಿಯಾಗಿದ್ದಾಗಿಂದ ನೋಡಿದ್ದೀನಿ ಕಣೇ ಆ ಮಗೂನ,” ಎಂದು ಬೇಸರಪಟ್ಟರು. ಗೇಲಿಗೂ ವಿಮರ್ಶೆಗೂ ಇರುವ ಅಂತರ ಇಲ್ಲೇ ಇದೆ, ನಮ್ಮ ವಾಹಿನಿಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತವೆ.

ತಯಾರಕರ ಕಷ್ಟ ನನಗೆ ತಿಳಿಯದ್ದಲ್ಲ. ವಾರಕ್ಕೆ ಐದಾರು ಸಂಚಿಕೆ ಕೊಡಬೇಕು. ಕಲಾವಿದರ ಕಾಲ್‌ಶೀಟ್ ಹೊಂದಬೇಕು. ಗುರುವಾರ ಬರುವ ಟಿಆರ್‌ಪಿ ನೋಡಿ ಶುಕ್ರವಾರ ಕಥೆ ತಿರುಗಿಸಬೇಕು. ಬೆಳಿಗ್ಗೆ ಬರೆದ ಸಂಭಾಷಣೆ ಮಧ್ಯಾಹ್ನ ಚಿತ್ರೀಕರಣವಾಗುವ ದಿನಗಳೂ ಇರುತ್ತವೆ. ಆದರೆ ಟಿಆರ್‌ಪಿ ಎಷ್ಟು ಜನ ನೋಡಿದರು ಎಂದು ಹೇಳುತ್ತದೆ, ಯಾವ ಕ್ಷಣದಲ್ಲಿ ಅವರ ನಂಬಿಕೆ ಮುರಿಯಿತು ಎಂದು ಹೇಳುವುದಿಲ್ಲ. ಅದನ್ನು ಹೇಳುವವರು ಅತ್ತಿಗೆಯಂಥವರು, ಅದೂ ಬಿಟ್ಟಿಯಾಗಿ.

ಹಾಗಾಗಿ ವಾಹಿನಿಗಳಿಗೆ ನನ್ನ ಕೋರಿಕೆ ಇಷ್ಟು. ಪ್ರತಿ ಧಾರಾವಾಹಿಗೂ ಕಥೆಯ ಹಿಂದಿನದನ್ನೆಲ್ಲ ಬರೆದಿಡುವ ಒಬ್ಬರನ್ನು ನೇಮಿಸಿ. ಯಾರಿಗೆ ಯಾವ ಗುಟ್ಟು ಗೊತ್ತು, ಯಾರ ಊರು ಯಾವುದು, ಯಾರಿಗೆ ಈಜು ಬರುವುದಿಲ್ಲ, ಎಲ್ಲ ಅವರ ಪುಸ್ತಕದಲ್ಲಿರಲಿ. ಹೊಸ ಬರಹಗಾರರು ಬಂದ ದಿನವೇ ಅದನ್ನು ಓದಲಿ. ನಟ ಬದಲಾದರೆ ಅಪಘಾತ, ಪ್ಲಾಸ್ಟಿಕ್ ಸರ್ಜರಿ ಎಂದು ಸುತ್ತಿ ಬಳಸದೆ ಒಂದು ಸಾಲು ಹೇಳಿಬಿಡಿ, ನಾವು ಒಪ್ಪಿಕೊಳ್ಳುತ್ತೇವೆ. ಹಿಂದಿನ ತಲೆಮಾರಿನಲ್ಲಿ ಆಕಾಶವಾಣಿ ಕೇಳುಗರ ಪತ್ರಗಳನ್ನು ಓದಿ ಉತ್ತರ ಕೊಡುತ್ತಿತ್ತು. ಅಸಮಾಧಾನದ ಪತ್ರಗಳನ್ನೂ ಓದುತ್ತಿತ್ತು. ಭಾನುವಾರ ಮಹಾಸಂಚಿಕೆಗೆ ಮೂರು ಗಂಟೆ ಕೊಡುವ ವಾಹಿನಿ ಅದರಲ್ಲಿ ಹತ್ತು ನಿಮಿಷ ಬಿಡಿಸಿ ಕಥೆಗಾರರನ್ನು ನಮ್ಮೆದುರು ಕೂರಿಸಲಿ. ಅತ್ತಿಗೆ ತಮ್ಮ ಪತ್ರವನ್ನು ಆಗಲೇ ಬರೆದಿಟ್ಟಿದ್ದಾರೆ, ಮೊದಲ ಪ್ರಶ್ನೆ ಆ ಅತ್ತೆ ಓದು ಕಲಿತದ್ದು ಯಾವಾಗ ಎಂಬುದು.